ಕೆಂಪು ಕಣ್ಣಿನ ನೀಲಕಂಠ

ನಮ್ಮ ಅಡುಗೆಮನೆಯಲ್ಲಿ ಫ್ರಿಜ್ಜಿನ ಪಕ್ಕದ ಮೊಳೆಗೆ ತೂಗುಹಾಕಿರುವ ಕ್ಯಾಲೆಂಡರಿನಲ್ಲಿ ಇನ್ನೂ ಹೋದ ವರ್ಷದ ಅಕ್ಟೋಬರ್ ತಿಂಗಳೇ ಇದೆ. ಈಗ ಫೆಬ್ರವರಿ. ಗ್ಯಾಸ್ ಸಿಲಿಂಡರ್ ಬದಲಾಯಿಸಿದ ದಿನವನ್ನೂ ಹಲ್ಲುಜ್ಜುವ ಬ್ರಶ್ ಹೊಸದಾಗಿ ತೆಗೆದ ದಿನವನ್ನೂ ಬರೆದಿಡುವ ನನ್ನಂಥವಳು ಇರುವ ಮನೆಯಲ್ಲಿ ತಿಂಗಳೊಂದು ಹೀಗೆ ಕದಲದೆ ಕೂತಿರುವುದು ಅತ್ತಿಗೆಗೆ ತಮಾಷೆ. ಬೇರೆಯವರ ಮನೆಯಲ್ಲಿ ಗಡಿಯಾರ ನಿಲ್ಲುತ್ತದೆ, ನಮ್ಮಲ್ಲಿ ಕ್ಯಾಲೆಂಡರ್ ಎಂದು ಬಂದವರಿಗೆಲ್ಲ ತೋರಿಸುತ್ತಾಳೆ. ಅದು ಯಾಕೆ ನಿಂತಿತು ಎಂಬುದನ್ನು ನಿಮಗಾದರೂ ಹೇಳಬೇಕು. ಹೇಳಹೊರಟರೆ ನನ್ನ ಹೊಟ್ಟೆಕಿಚ್ಚನ್ನೂ ಹೇಳದೆ ವಿಧಿಯಿಲ್ಲ.

ಗಲ್ಫಿನ ಈ ಊರಿನಲ್ಲಿ, ರೂವಿ ಎಂಬ ಪೇಟೆಯ ಒಂದು ಕಂಪನಿಯಲ್ಲಿ ನಾನು ಡಾಕ್ಯುಮೆಂಟ್ ಕಂಟ್ರೋಲರ್. ಎಂಜಿನಿಯರುಗಳು ಬರೆದ ನಕ್ಷೆಗಳಿಗೆ ನಂಬರು, ತಾರೀಖು ಹಾಕಿ, ಹಳೆಯದರ ಮೇಲೆ ರದ್ದು ಎಂದು ಸೀಲೊತ್ತಿ, ಕೇಳಿದಾಗ ಕೇಳಿದ್ದನ್ನೇ ತೆಗೆದುಕೊಡುವುದು ನನ್ನ ಕೆಲಸ. ಗೆರೆ ಎಳೆಯುವವರು ಬೇರೆ, ಮೂಲೆಯ ಚೌಕ ತುಂಬುವವಳು ನಾನು. ಅಣ್ಣ ಅತ್ತಿಗೆಯ ಜೊತೆ ಊರ ಹೊರವಲಯದ ಸೀಬ್‌ನಲ್ಲಿ ಇರುವುದು. ಬೆಳಗ್ಗೆ ಆಫೀಸಿನ ವ್ಯಾನಿಗೆ ಕಾಯುತ್ತಾ ದೀಪದ ಕಂಬಗಳ ಮೇಲೆ ಕೂರುವ ನೀಲಕಂಠಗಳನ್ನು ಎಣಿಸುವುದು ಮೂರು ವರ್ಷದ ಅಭ್ಯಾಸ. ನೋಟುಪುಸ್ತಕದಲ್ಲಿ ಐದು ಕಾಲಂ: ತಾರೀಖು, ಹೊತ್ತು, ಜಾಗ, ಸಂಖ್ಯೆ, ಷರಾ. ಹೋದ ಅಕ್ಟೋಬರ್ ಒಂದಕ್ಕೆ ಒಟ್ಟು ಸಾವಿರದ ನೂರ ಅರವತ್ತೆಂಟು. ಒಂದೇ ಹಕ್ಕಿಯನ್ನು ನೂರು ಸಲ ಎಣಿಸಿರಬಹುದು, ಒಪ್ಪುತ್ತೇನೆ. ಆದರೆ ನೂರು ಸಲವೂ ಬರೆದಿದ್ದೇನೆ.

ಕ್ಯಾಲೆಂಡರ್ ನಮ್ಮ ಆಫೀಸಿಗೆ ಪಂಪು ಕೊಡುವ ಒಂದು ಫ್ರೆಂಚ್ ಕಂಪನಿಯಿಂದ ಬಂದದ್ದು. ಹನ್ನೆರಡು ತಿಂಗಳಿಗೆ ಹನ್ನೆರಡು ಹಕ್ಕಿ, ಎಲ್ಲವನ್ನೂ ಬರೆದವನು ಸುಮಾರು ಇನ್ನೂರು ವರ್ಷದ ಹಿಂದೆ ಪ್ಯಾರಿಸ್ಸಿನಲ್ಲಿದ್ದ ಒಬ್ಬನೇ ಚಿತ್ರಕಾರ. ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಎಲ್ಲ ಕಡೆ ಅದೇ ಇರುವಾಗ ಒಂದು ಕಡೆ ಇಲ್ಲದಿದ್ದರೆ ಅವನಿಗೇನೂ ನಷ್ಟವಿಲ್ಲ. ಹಿಂದಿನ ರಟ್ಟಿನ ಮೇಲೆ ಅವನ ಬದುಕು ಅರ್ಧ ಪುಟದಷ್ಟಿತ್ತು. ತಂದೆ ಪಿಂಗಾಣಿ ತಟ್ಟೆಗಳಿಗೆ ಹೂ ಬಿಡಿಸುವವನು. ಮಗನ ಮುಂದೆ ಬಂದು ಕೂತದ್ದು ಹಡಗುಗಳಲ್ಲಿ ದೂರದೇಶದಿಂದ ಬಂದ, ಒಳಗೆ ಹತ್ತಿ ತುಂಬಿದ ಹಕ್ಕಿಯ ಚರ್ಮಗಳು. ಅವುಗಳಿಗೆ ತಂತಿ ಕೊಟ್ಟು ಕತ್ತು ನಿಲ್ಲಿಸಿ, ರೆಕ್ಕೆ ಬಿಡಿಸಿ, ಒಂದೊಂದು ಗರಿಯನ್ನೂ ಕೂದಲೆಳೆಯಂಥ ಕುಂಚದಲ್ಲಿ ಅವನು ಬರೆಯುತ್ತಿದ್ದ. ಆಮೇಲೆ ತಾಮ್ರದ ಹಾಳೆಯ ಮೇಲೆ ಕೊರೆದು ಅಚ್ಚೊತ್ತಿ, ಪ್ರತಿಯೊಂದು ಪ್ರತಿಗೂ ಕೈಯಿಂದ ಬಣ್ಣ ತುಂಬುತ್ತಿದ್ದರಂತೆ. ಊರು ಬಿಟ್ಟು ಅವನು ಹೋದದ್ದೇ ಅಪರೂಪ. ಅಕ್ಟೋಬರಿನ ನೀಲಕಂಠವನ್ನು ಅವನು ಜೀವಂತವಾಗಿ ಒಮ್ಮೆಯೂ ಕಂಡವನಲ್ಲ.

ಓದಿದ ದಿನ ನನಗೆ ಚೆನ್ನಾಗಿಯೇ ಉರಿಯಿತು. ಸೊನ್ನೆ ಸಲ ಕಂಡವನ ಹಕ್ಕಿ ಇನ್ನೂರು ವರ್ಷ ದಾಟಿ ನನ್ನ ಅಡುಗೆಮನೆಗೆ ಬಂದು ಕೂತಿದೆ. ಸಾವಿರ ಸಲ ಕಂಡವಳ ನೋಟುಪುಸ್ತಕವನ್ನು ಮನೆಯವರೇ ತೆರೆದು ನೋಡುವುದಿಲ್ಲ. ಆದರೂ ಸತ್ತವರ ಮೇಲಿನ ಅಸೂಯೆಯಲ್ಲಿ ಒಂದು ಸೌಕರ್ಯವುಂಟು: ಮೆಟ್ಟಿಲಲ್ಲಿ ಎದುರಾದಾಗ ನಗಬೇಕಾಗಿಲ್ಲ. ಸಫಿಯಾಳ ವಿಷಯದಲ್ಲಿ ಆ ಸೌಕರ್ಯ ಇರಲಿಲ್ಲ.

ಸಫಿಯಾ ನಮ್ಮ ಕೆಳಗಿನ ಫ್ಲಾಟಿನವಳು, ಉಳ್ಳಾಲದ ಕಡೆಯ ಬ್ಯಾರಿ ಮನೆತನದವಳು, ನನ್ನದೇ ವಯಸ್ಸಿನವಳು. ಗಂಡನಿಗೆ ರೂವಿಯಲ್ಲಿ ಪರದೆ ಬಟ್ಟೆಯ ಅಂಗಡಿ. ಅತ್ತಿಗೆಯ ಜೊತೆ ತುಳು, ನನ್ನ ಜೊತೆ ಕನ್ನಡ. ಸೆಪ್ಟೆಂಬರಿನಲ್ಲಿ ಡಬ್ಬಿ ಹಿಂದಿರುಗಿಸಲು ಬಂದವಳು ಕ್ಯಾಲೆಂಡರಿನ ಹಾಳೆಗಳನ್ನು ಮಗುಚಿ ನೋಡಿ, ನಾಲ್ಕು ದಿನಕ್ಕೆ ಕೊಡು ಎಂದು ಕೇಳಿಕೊಂಡು ಹೋದಳು. ಕೊಟ್ಟ ತಾರೀಖೂ ಬರೆದಿದ್ದೇನೆ.

ಆಗ ಇಲ್ಲಿನ ನಮ್ಮ ಪುಟ್ಟ ಕನ್ನಡ ಬಳಗದವರು ರಾಜ್ಯೋತ್ಸವದ ಸಂಚಿಕೆ ತಯಾರಿಸುತ್ತಿದ್ದರು. ನೀಲಕಂಠ ನಮ್ಮ ರಾಜ್ಯದ ಹಕ್ಕಿಯಲ್ಲವೇ? ನಾನು ಮೂರು ವರ್ಷದ ಎಣಿಕೆಯನ್ನು ಆರು ಪುಟದ ಲೇಖನ ಮಾಡಿ ಕೊಟ್ಟಿದ್ದೆ. ಸಂಚಿಕೆ ನೋಡಿಕೊಳ್ಳುವ ಶೆಟ್ಟರು ಕನ್ನಡಕದ ಮೇಲಿನಿಂದ ನೋಡಿ, “ಲೆಕ್ಕ ಎಲ್ಲ ಪಕ್ಕಾ ಉಂಟು ವಿನುತಾ. ಆದ್ರೆ ಓದುವವರು ಬೇಕಲ್ಲ?” ಎಂದರು. ಆರು ಪುಟ ಎರಡು ಸಾಲಾಯಿತು. ಮುಖಪುಟಕ್ಕೆ ಸಫಿಯಾಳ ಚಿತ್ರ.

ಚಿತ್ರವನ್ನು ಅವಳ ಮನೆಯ ಊಟದ ಮೇಜಿನ ಮೇಲೆ ನೋಡಿದೆ. ಫ್ರೆಂಚಿನವನ ಹಕ್ಕಿ ಕೊಂಬೆಯ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತಿತ್ತು. ಇವಳದು ನಮ್ಮ ಬೀದಿಯ ದೀಪದ ಕಂಬ ಬಿಟ್ಟು ಮೇಲೇಳುತ್ತಿತ್ತು. ರೆಕ್ಕೆಯಲ್ಲಿ ಕಡು ನೀಲಿ, ಅದಕ್ಕೆ ತಾಗಿಯೇ ತಿಳಿ ನೀಲಿ. ಮೂರು ವರ್ಷ ನೋಡಿ ನಾನು ಷರಾದಲ್ಲಿ ‘ಹಾರಿತು’ ಎಂದು ಬರೆದದ್ದು ಅವಳ ಕಾಗದದ ಮೇಲೆ ನಿಜವಾಗಿ ಹಾರುತ್ತಿತ್ತು. ಚೆನ್ನಾಗಿದೆ ಎಂದೆ. ಎಂದು ಮೇಜಿನ ಮೇಲೆ ಇನ್ನಷ್ಟು ಬಾಗಿದೆ.

ಆಗಲೇ ಕಣ್ಣು ಕಂಡಿತು. ಹಕ್ಕಿಯ ಕಣ್ಣು ದಾಳಿಂಬೆ ಕಾಳಿನಷ್ಟು ಕೆಂಪಗಿತ್ತು. ಕ್ಯಾಲೆಂಡರಿನಲ್ಲೂ ಹಾಗೇ ಇತ್ತು, ಅವಳು ಅದನ್ನೇ ನಂಬಿದ್ದಳು. ಆ ರಟ್ಟಿನಲ್ಲೇ ನಾನು ಓದಿದ್ದೆ: ಚರ್ಮ ಒಣಗಿದರೂ ಗರಿಯ ಬಣ್ಣ ಉಳಿಯುತ್ತದೆ, ಕಣ್ಣು ಉಳಿಯುವುದಿಲ್ಲ. ಅದರ ಬಣ್ಣವನ್ನು ಹಕ್ಕಿ ಹಿಡಿದವನು ಕಾಲಿಗೆ ಕಟ್ಟಿದ ಚೀಟಿಯಲ್ಲಿ ಬರೆದಿರಬೇಕು. ಬರೆಯದಿದ್ದರೆ ಚಿತ್ರಕಾರ ಊಹಿಸಬೇಕು. ಕಂಬದ ಮೇಲಿನ ನನ್ನ ಹಕ್ಕಿಗಳ ಕಣ್ಣು ಕೆಂಪಲ್ಲ. ಅಷ್ಟು ಖಚಿತ. ಮುಖಪುಟ ಅಚ್ಚಾಗಲಿ, ಎಲ್ಲರೂ ಹೊಗಳಲಿ, ಆಮೇಲೆ ಯಾರಾದರೂ ತಿಳಿದವರು ಬೆರಳು ತೋರಿಸಲಿ ಎಂದು ಸುಮ್ಮನೆ ಮೆಟ್ಟಿಲು ಹತ್ತಿ ಬಂದೆ. ಹಾಗೆ ಸುಮ್ಮನಿದ್ದದ್ದು ಒಂಬತ್ತು ದಿನ. ಇದನ್ನೂ ಬರೆದಿಟ್ಟಿದ್ದೇನೆ, ಬೇರೆ ಪುಸ್ತಕದಲ್ಲಿ.

ಚಿತ್ರ ಭಾನುವಾರ ಪ್ರೆಸ್ಸಿಗೆ ಹೋಗುವುದಿತ್ತು. ಶುಕ್ರವಾರ ಮಧ್ಯಾಹ್ನ ಸಫಿಯಾ ಚಿತ್ರವನ್ನು ಹಳೆಯ ದಿಂಬಿನ ಚೀಲದಲ್ಲಿ ಸುತ್ತಿಕೊಂಡು ಬಂದಳು.

“ಕಣ್ಣು ಯಾಕೋ ಸರಿ ಕಾಣುದಿಲ್ಲ ಮಾರಾಯ್ತಿ. ನಿನ್ನ ಪುಸ್ತಕದಲ್ಲಿ ಉಂಟಲ್ಲ, ನೋಡಿ ಹೇಳು. ನೀನು ಬರೀದೆ ಬಿಟ್ಟದ್ದು ಏನುಂಟು?”

ನಾನು ಪುಸ್ತಕ ತೆರೆದೆ. ಗೆದ್ದವಳಂತೆಯೇ ತೆರೆದೆ ಎಂದು ಹೇಳಬೇಕು. ಮೊದಲ ವರ್ಷ ಮಗುಚಿದೆ, ಎರಡನೆಯದು ಮಗುಚಿದೆ, ಮೂರನೆಯದನ್ನೂ ಮಗುಚಿದೆ. ತಾರೀಖು ಇತ್ತು, ನಿಮಿಷ ಇತ್ತು, ಎಷ್ಟನೆಯ ಕಂಬ ಎಂಬುದೂ ಇತ್ತು. ಷರಾದ ಕಾಲಮಿನಲ್ಲಿ ‘ಗಾಳಿ’, ‘ಧೂಳು’, ‘ವ್ಯಾನ್ ಲೇಟ್’. ಕಣ್ಣು ಎಲ್ಲೂ ಇರಲಿಲ್ಲ. ಸಾವಿರದ ಇನ್ನೂರು ದಾಟಿದ ಹಕ್ಕಿಗಳು ನನ್ನ ಪುಸ್ತಕದಲ್ಲಿ ಒಂದೂ ಕಣ್ಣಿಲ್ಲದೆ ಸಾಲಾಗಿ ಕೂತಿದ್ದವು. ಕೆಂಪಲ್ಲ ಎಂದು ಗೊತ್ತಿತ್ತು, ಮತ್ತೇನು ಎಂದು ಗೊತ್ತಿರಲಿಲ್ಲ. ಆಗ ನನಗೆ ನೆನಪಾದವನು ಪ್ಯಾರಿಸ್ಸಿನವನಲ್ಲ; ಯಾವುದೋ ದಡದಲ್ಲಿ ಆ ಹಕ್ಕಿ ಹಿಡಿದು, ಊರು, ದಿನ ಎಲ್ಲ ನೀಟಾಗಿ ಬರೆದು, ಕಣ್ಣು ಬರೆಯಲು ಮರೆತ ಚೀಟಿಯವನು. ಅವನೂ ನನ್ನಂತೆ ಬರೆದಿಡುವ ಕೆಲಸದವನು. ಚಿತ್ರಕಾರನ ತಪ್ಪು ಎಂದು ಯಾವುದಕ್ಕೆ ನಾನು ಒಂಬತ್ತು ದಿನ ಒಳಗೊಳಗೇ ಹಿಗ್ಗಿದ್ದೆನೋ ಅದು ನಮ್ಮವನ ತಪ್ಪಾಗಿತ್ತು.

ಬರೆದಿಲ್ಲ ಎಂದೆ. ಅವಳು ನಗಲಿಲ್ಲ. ಹಾಗಾದರೆ ನಾಳೆ ಹೋಗಿ ನೋಡುವ ಎಂದಳು.

ಶನಿವಾರ ಬೆಳಗ್ಗೆ ಅಣ್ಣನ ಬೈನಾಕ್ಯುಲರ್ ಹಿಡಿದು ಇಬ್ಬರೂ ರಸ್ತೆಯಂಚಿನಲ್ಲಿ ನಿಂತೆವು. ಹಕ್ಕಿಗೆ ಕಾಯುವಾಗ ಒಳಗೆ ಇಟ್ಟುಕೊಂಡಿದ್ದ ಮಾತು ಬಾಯಿಗೆ ಬಂತು. ಕೆಂಪು ತಪ್ಪೆಂದು ನನಗೆ ಮೊದಲೇ ಗೊತ್ತಿತ್ತು, ಬೇಕೆಂದೇ ಹೇಳಲಿಲ್ಲ ಎಂದೆ. ಸಫಿಯಾ ಕಂಬದಿಂದ ನೋಟ ಕದಲಿಸಲಿಲ್ಲ.

“ಗೊತ್ತುಂಟು. ಚಿತ್ರ ನೋಡುವಾಗ ನೀನು ಕಣ್ಣಿನ ಹತ್ರ ಬಂದು ನಿಂತೆಯಲ್ಲ. ಅದಕ್ಕೇ ನಿನ್ನ ಹತ್ರ ಕೇಳ್ಳಿಕ್ಕೆ ಬಂದದ್ದು.”

ಅಷ್ಟರಲ್ಲಿ ಮೂರನೆಯ ಕಂಬಕ್ಕೆ ಒಂದು ಬಂದು ಕೂತಿತು. ಮೊದಲು ಅವಳು ನೋಡಿದಳು, ಆಮೇಲೆ ನಾನು. ಕಣ್ಣು ಕಂದು. ಸುತ್ತ ಒಂದು ತೆಳು ಪಟ್ಟಿ ಒಣಗಿದ ಏಪ್ರಿಕಾಟಿನ ಬಣ್ಣದ್ದು. ಮೂರು ವರ್ಷದಲ್ಲಿ ಮೊದಲ ಸಲ ನಾನೊಂದು ಹಕ್ಕಿಯನ್ನು ಎಣಿಸದೆ ನೋಡಿದೆ. ಅದು ಹಾರಿಹೋದ ಮೇಲೆಯೇ ಎಣಿಸಿದ್ದು.

ಸಂಚಿಕೆ ಬಂತು. ಮುಖಪುಟದಲ್ಲಿ ಕಂದು ಕಣ್ಣು, ಕೆಳಗೆ ಸಫಿಯಾಳ ಹೆಸರು. ನನ್ನ ಎರಡು ಸಾಲು ಹದಿನೇಳನೆಯ ಪುಟದ ಅಡಿಯಲ್ಲಿ. ಹೊಟ್ಟೆಕಿಚ್ಚು ಆರಿತೆಂದು ಬರೆದರೆ ಲೆಕ್ಕ ತಪ್ಪುತ್ತದೆ, ತಪ್ಪು ಲೆಕ್ಕ ನಾನು ಬರೆಯುವವಳಲ್ಲ. ಅವಳು ಕುಂಚ ತೊಳೆಯುವುದನ್ನು ನೋಡಿದರೂ ನನಗೆ ಈಗಲೂ ಒಂದಿಷ್ಟು ಉರಿಯುತ್ತದೆ. ಆದರೆ ಅಕ್ಟೋಬರಿನ ಹಾಳೆಯನ್ನು ಮಗುಚಲು ಮನಸ್ಸು ಬಂದಿಲ್ಲ. ಅಲ್ಲಿ, ಆ ಫ್ರೆಂಚಿನವನ ಹಕ್ಕಿಯ ಕಾಲಿನ ಕೆಳಗೆ, ಇನ್ನೂರು ವರ್ಷ ತಡವಾದ ಒಂದು ಚೀಟಿಯನ್ನು ಪೆನ್ಸಿಲಿನಲ್ಲಿ ಬರೆದಿದ್ದೇನೆ: ಸೀಬ್, ಶನಿವಾರ, ಬೆಳಗ್ಗೆ ಆರು ಇಪ್ಪತ್ತೈದು. ಕಣ್ಣು ಕಂದು. ಹಕ್ಕಿ ಒಂದು, ನೋಡಿದವರು ಇಬ್ಬರು.