ಹತ್ತೇ ಹತ್ತು ವರ್ಷ ಒಬ್ಬ ಡಿಕ್ಟೇಟರ್

ಧೋ ಅಂತ ನಲ್ಲಿ ನೀರು ಸ್ಟೀಲ್ ಸಿಂಕಿಗೆ ಬೀಳುವ ಸದ್ದು. ಡೊಯ್ನಾ ಅಂದಕೂಡಲೇ ನನಗೆ ಮೊದಲು ಕೇಳಿಸುವುದು ಅದು. ಮುಖ ಆಮೇಲೆ ಬರುತ್ತದೆ.

ಹೋದ ವಾರ ಡೊಯ್ನಾ ತೀರಿಕೊಂಡಳು. ಅಳು ಬರಬೇಕಿತ್ತು. ನನಗೆ ಬರುತ್ತಿರುವುದು ಕೋಪ. ಯಾರ ಮೇಲೆ ಅಂತೀರಾ? ಹೇಳುತ್ತೇನೆ.

ಮಗಳ ಸಂಸಾರದ ಜೊತೆ ಸ್ಟಾಕ್‌ಹೋಮ್‌ನ ಈ ಫ್ಲ್ಯಾಟಿಗೆ ಬಂದ ಹೊಸದರಲ್ಲಿ ಎದುರು ಬಾಗಿಲಿನ ಮುದುಕಿ ಡೊಯ್ನಾ ನನ್ನನ್ನು ಫೀಕಾಗೆ ಕರೆದಳು. ಫೀಕಾ ಅಂದರೆ ಕಾಫಿ, ಒಂದು ದಾಲ್ಚಿನ್ನಿ ಬನ್ನು, ಒಂದಿಷ್ಟು ಹರಟೆ. ಚಳಿಯ ವಿಷಯ ಆಯಿತು, ಮಂಡಿನೋವು ಆಯಿತು. ಆಮೇಲೆ ಅವಳು ಎದ್ದು ಅಡುಗೆಮನೆಯ ನಲ್ಲಿಯನ್ನು ಪೂರ್ತಿ ತಿರುಗಿಸಿ ಬಂದು ಕೂತಳು. ತನ್ನ ತಮ್ಮನ ಕಥೆ ಶುರುಮಾಡಿದಳು.

ನಾನು ಬೆಂಗಳೂರಿನವಳು. ದಿನ ಬಿಟ್ಟು ದಿನ ನೀರು ಬರುವ ಬೀದಿಯಲ್ಲಿ, ಕೊಡ ತಂಬಿಗೆ ಲೋಟ ಎಲ್ಲ ತುಂಬಿಸಿಟ್ಟು ಬೆಳೆದವಳು. ಸುಮ್ಮನೆ ಕೂರಲಾದೀತೇ? ಎದ್ದು ಹೋಗಿ ನಲ್ಲಿ ನಿಲ್ಲಿಸಿದೆ. ಅವಳ ಮಾತೂ ನಿಂತಿತು. ಅವಳು ಎದ್ದು ತೆರೆದಳು. ನಾನು ಎದ್ದು ಮುಚ್ಚಿದೆ.

‘ಡೊಯ್ನಾ ಡಿಯರ್, ದ ಟ್ಯಾಪ್ ಈಸ್ ರನ್ನಿಂಗ್,’ ಅಂದೆ, ಕಾನ್ವೆಂಟಿನ ಸಿಸ್ಟರ್ ಕಲಿಸಿದ ಶುದ್ಧ ಇಂಗ್ಲಿಷಿನಲ್ಲಿ.

‘ಐ ನೋ,’ ಅಂದಳು. ‘ಅದು ಓಡುತ್ತಲೇ ಇರಬೇಕು. ಇಲ್ಲದಿದ್ದರೆ ನನಗೆ ಮಾತು ಬರುವುದಿಲ್ಲ.’

(ಒಂದೇ ನಲ್ಲಿಗೆ ಇಬ್ಬರೂ ಒಂದೊಂದು ಭಯ ತಂದಿದ್ದೆವು. ನನ್ನದು ಎಷ್ಟು ಸುಖದ ಭಯ!)

ಡೊಯ್ನಾ ರೊಮೇನಿಯಾದವಳು. ಅಲ್ಲಿನ ಕಮ್ಯುನಿಸ್ಟ್ ಸರ್ಕಾರದ ಕಾಲದಲ್ಲಿ ಯಾರ ಮನೆಯಲ್ಲಾದರೂ ಗುಟ್ಟಾಗಿ ಮೈಕ್ ಇಟ್ಟಿರಬಹುದಿತ್ತು. ಇದೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಆ ಗೊತ್ತಿಲ್ಲದಿರುವುದರಲ್ಲೇ ಸರ್ಕಾರದ ಜಾಣತನ. ಮನೆಮನೆಗೂ ಮೈಕ್ ಇಡುವ ಖರ್ಚು ಯಾಕೆ? ಇರಬಹುದು ಅನ್ನಿಸಿದರೆ ಸಾಕಲ್ಲ. ನೀರಿನ ಸದ್ದಿನಲ್ಲಿ ಮಾತು ಮೈಕಿಗೆ ಸಿಗುವುದಿಲ್ಲ ಅಂತ ಜನ ನಲ್ಲಿ ತೆರೆದು ಮಾತಾಡುತ್ತಿದ್ದರು.

ಅವಳ ತಮ್ಮ ಒಂದು ಊಟದಲ್ಲಿ ಜೋಕ್ ಮಾಡಿದನಂತೆ. ‘ನನಗೆ ಮಗ ಹುಟ್ಟಿದ ಕೂಡಲೇ ಬ್ರೆಡ್ ಕ್ಯೂನಲ್ಲಿ ನಿಲ್ಲಿಸುತ್ತೇನೆ, ಅವನ ಮದುವೆ ಹೊತ್ತಿಗೆ ಸಿಗಬಹುದು’ ಅಂತ. ಮೇಜಿನ ಸುತ್ತ ಇದ್ದವರು ನೆಂಟರು, ಗೆಳೆಯರು. ಎಲ್ಲರೂ ನಕ್ಕರು. ಆ ವಾರವೇ ಗುಪ್ತ ಪೊಲೀಸರು ಅವನನ್ನು ಕರೆದುಕೊಂಡು ಹೋದರು. ಕೆಲವು ತಿಂಗಳ ಮೇಲೆ ಮನೆಗೆ ಬಿಟ್ಟರು. ಆಮೇಲೆ ಅವನು ಯಾರ ಜೊತೆಯೂ ಕೂತು ಉಣ್ಣಲಿಲ್ಲ. ನಕ್ಕವರಲ್ಲಿ ಚಾಡಿ ಹೇಳಿದವರು ಯಾರು? ಸಾಯುವವರೆಗೂ ಅವನಿಗೆ ಗೊತ್ತಾಗಲಿಲ್ಲ.

ಇಷ್ಟಾದರೂ ನಮ್ಮ ಮನೆಗೆ ಬಂದರೆ ಅವಳು ನಲ್ಲಿಯ ತಂಟೆಗೆ ಹೋಗುತ್ತಿರಲಿಲ್ಲ. ‘ಇಲ್ಲಿ ನನಗೆ ನಿಮ್ಮ ಭಾಷೆ ಅರ್ಥವಾಗುವುದಿಲ್ಲ, ನಗು ಅರ್ಥವಾಗುತ್ತದೆ,’ ಅನ್ನುತ್ತಿದ್ದಳು. ಅವಳು ನಲ್ಲಿ ತೆರೆಯದೆ ಮಾತಾಡಿದ ಒಂದೇ ಒಂದು ಮನೆ ನಮ್ಮದು. ಅದನ್ನು ನಾವು ಒಂದು ಶನಿವಾರದ ಊಟದಲ್ಲಿ ಅವಳಿಂದ ಕಿತ್ತುಕೊಂಡೆವು.

ಅವತ್ತು ಬಿಸಿಬೇಳೆಭಾತ್. ನಾಲ್ಕಾರು ಕನ್ನಡದವರು, ಜೊತೆಗೆ ಡೊಯ್ನಾ. ಕಾರ್ಲ್‌ಸ್ಟಾಡ್‌ನಲ್ಲಿ ಪಿಎಚ್‌ಡಿ ಮಾಡುವ ನಿಖಿಲ್ ಅನ್ನುವ ಹುಡುಗನೂ ಬಂದಿದ್ದ. ಒಳ್ಳೆಯ ಹುಡುಗ, ತಟ್ಟೆ ತಾನೇ ತೊಳೆದಿಡುತ್ತಾನೆ.

‘ಏನ್ ಆಂಟಿ, ಒಂದು ಬ್ರಿಜ್ ರಿಪೇರಿಗೆ ಈ ಕೊಮ್ಯೂನ್‌ನೋರು ಎಷ್ಟ್ ಮೀಟಿಂಗ್ ಮಾಡ್ತಾರೆ!’ ಅಂದ. (ಕೊಮ್ಯೂನ್ ಅಂದರೆ ಇಲ್ಲಿಯ ನಗರಸಭೆ.)

‘ನಮ್ಮೂರಲ್ಲಿ ಮೀಟಿಂಗೂ ಇಲ್ಲ, ಬ್ರಿಜ್ಜೂ ಇಲ್ಲ ಬಿಡಪ್ಪ,’ ಅಂದ ನನ್ನ ಅಳಿಯ.

‘ಅದಕ್ಕೇ ಸರ್, ನಮ್ ದೇಶಕ್ಕೆ ಹತ್ತೇ ಹತ್ತು ವರ್ಷ ಒಬ್ಬ ಡಿಕ್ಟೇಟರ್ ಬೇಕು. ಸ್ಟ್ರಿಕ್ಟ್ ಆಗಿರೋನು. ಎಲ್ರೂ ಲೈನಿಗೆ ಬರ್ತಾರೆ. ಆಮೇಲೆ ಬೇಕಾದ್ರೆ ಡೆಮಾಕ್ರಸಿ ಮಾಡ್ಕೊಳ್ಳಿ!’

ಎಲ್ಲರೂ ನಕ್ಕರು. ತಲೆಯನ್ನೂ ಆಡಿಸಿದರು. ಅಷ್ಟಕ್ಕೇ ಮುಗಿಯುತ್ತಿತ್ತೇನೋ. ಆದರೆ ನನ್ನ ಮಗಳಿಗೆ ನಾನು ಮ್ಯಾನರ್ಸ್ ಕಲಿಸಿದ್ದೇನಲ್ಲ, ಅತಿಥಿಗೆ ಗೊತ್ತಿಲ್ಲದ ಭಾಷೆಯಲ್ಲಿ ನಗಬಾರದು ಅಂತ! ಅವಳು ನಿಖಿಲನ ಮಾತನ್ನು ಒಂದಕ್ಷರ ಬಿಡದೆ ಸ್ವೀಡಿಷ್‌ಗೆ ತಿರುಗಿಸಿ ಡೊಯ್ನಾಗೆ ಬಡಿಸಿದಳು.

ಡೊಯ್ನಾ ಚಮಚ ಕೆಳಗಿಟ್ಟಳು. ನಕ್ಕಳು. ಆ ನಗುವನ್ನು ನಾನು ಅದುವರೆಗೆ ನೋಡಿರಲಿಲ್ಲ. ಫೋಟೋಗೆ ನಿಂತವರ ನಗು. ‘ವೆರಿ ಗುಡ್,’ ಅಂದಳು ನಿಖಿಲನಿಗೆ. ‘ವೆರಿ ಗುಡ್ ಐಡಿಯಾ. ಶಿಸ್ತು ಬೇಕು.’ ಆಮೇಲೆ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ನಮ್ಮ ಅಡುಗೆಮನೆಯಿಂದ ನೀರಿನ ಸದ್ದು ಬಂತು.

ಓಡಿದೆ. ನಲ್ಲಿ ಪೂರ್ತಿ ತೆರೆದಿತ್ತು. ಡೊಯ್ನಾ ಸಿಂಕಿನ ಅಂಚು ಹಿಡಿದು ನಿಂತಿದ್ದಳು.

‘ಆ ಹುಡುಗ ಎಲ್ಲಿ ಕೆಲಸ ಮಾಡುತ್ತಾನೆ?’

‘ಕಾರ್ಲ್‌ಸ್ಟಾಡ್ ಯೂನಿವರ್ಸಿಟಿ.’

‘ಯಾರಿಗೆ ಹೇಳುತ್ತಾನೆ?’

‘ಯಾರಿಗೂ ಇಲ್ಲ ಡೊಯ್ನಾ. ಹೀ ಈಸ್ ಜಸ್ಟ್ ಅ ಸಿಲ್ಲಿ ಬಾಯ್.’

‘ನಮ್ಮಲ್ಲೂ ಸಿಲ್ಲಿ ಬಾಯ್ಸ್ ಇದ್ದರು. ಯೂನಿಫಾರ್ಮ್ ಆಮೇಲೆ ಕೊಟ್ಟರು,’ ಅಂದಳು. ಬಾಗಿಲ ಕಡೆ ನೋಡಿ, ‘ಅವನ ಮಾತನ್ನು ನಾನು ಒಪ್ಪಿಕೊಂಡೆ ಅಲ್ಲವಾ? ನೀನು ನೋಡಿದೆ ಅಲ್ಲವಾ?’

ಅವತ್ತು ನಾನು ನಲ್ಲಿ ನಿಲ್ಲಿಸಲಿಲ್ಲ. ಅವಳನ್ನು ಮನೆಗೆ ಬಿಟ್ಟು ವಾಪಸು ಬಂದೆ. ಅವರೆಲ್ಲ ಆಗಲೇ ಪಾಯಸಕ್ಕೆ ಕೂತಿದ್ದರು.

‘ನಿಖಿಲ್,’ ಅಂದೆ. ‘ಹತ್ತು ವರ್ಷ ಆದ್ಮೇಲೆ ಅವನಿಗೆ ಕುರ್ಚಿಯಿಂದ ಇಳೀಪ್ಪಾ ಅಂತ ಹೇಳೋರು ಯಾರು? ನೀನಾ?’

‘ಆಂಟಿ, ಚಿಲ್! ಜೋಕ್ ಮಾಡ್ದೆ ಅಷ್ಟೇ.’

‘ಅವಳ ತಮ್ಮನೂ ಜೋಕೇ ಮಾಡಿದ್ದು.’

‘ಅತ್ತೆ, ಊಟದ ಹೊತ್ತಲ್ಲಿ ಇದೆಲ್ಲ ಬೇಡ ಬಿಡಿ,’ ಅಂದ ಅಳಿಯ.

‘ಊಟದ ಹೊತ್ತಲ್ಲೇ ತಾನೇ ನಿಮಗೆ ಡಿಕ್ಟೇಟರ್ ಬೇಕಾಗಿದ್ದು?’

ಮಗಳು ಎಲ್ಲರಿಗೂ ಇನ್ನೊಂದು ಸೌಟು ಪಾಯಸ ಬಡಿಸಿದಳು. ನನಗಿನ್ನೂ ಮುಗಿದಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಇಪ್ಪತ್ತನೆಯ ಶತಮಾನದ ಹಿಸ್ಟರಿ ನಾವೂ ಓದಿದ್ದೇವೆ. ಜರ್ಮನಿ, ಇಟಲಿ, ರಷ್ಯಾ, ರೊಮೇನಿಯಾ. ಕೆಲವರು ಬಲಗಡೆಯಿಂದ ಬಂದರು, ಕೆಲವರು ಎಡಗಡೆಯಿಂದ. ಕೆಲವರು ವೋಟು ಹಿಡಿದು ಬಂದರು, ಕೆಲವರು ಬಂದೂಕು ಹಿಡಿದು. ಬಾವುಟದ ಬಣ್ಣ ಬೇರೆ ಬೇರೆ. ಚಪ್ಪಾಳೆ ತಟ್ಟಿದವರನ್ನು ನೋಡಿ, ಎಲ್ಲ ಕಡೆಯೂ ಒಂದೇ ತರಹದ ಜನ: ಕ್ಯೂನಲ್ಲಿ ನಿಂತು ಸುಸ್ತಾದವರು, ಚರ್ಚೆ ಕೇಳಿ ಬೇಸತ್ತವರು, ಪಕ್ಕದ ಮನೆಯವನಿಗೆ ಯಾರಾದರೂ ಬುದ್ಧಿ ಕಲಿಸಲಿ ಅಂತ ಕಾದವರು. ಗಮನಿಸಿದ್ದೀರಾ? ಡಿಕ್ಟೇಟರ್ ಬೇಕು ಅನ್ನುವ ಯಾರೂ ‘ಮೊದಲು ನನ್ನನ್ನು ಲೈನಿಗೆ ತನ್ನಿ’ ಅನ್ನುವುದಿಲ್ಲ.

ಹಳೆಯ ಕಾಲದ ರಾಜನಿಗೆ ಕಂದಾಯ ಕಟ್ಟಿ ಕೈಮುಗಿದರೆ ಬಹುಮಟ್ಟಿಗೆ ಸಾಕಿತ್ತು. ಈ ಡಿಕ್ಟೇಟರ್‌ಗಳಿಗೆ ಸಾಲದು. ರೇಡಿಯೊ ಬೇಕು, ಪತ್ರಿಕೆ ಬೇಕು, ಮಕ್ಕಳ ಪಠ್ಯ ಬೇಕು. ಅದೂ ಸಾಲದೆ, ನೀವು ಊಟಕ್ಕೆ ಕೂತಾಗ ಯಾವ ಮಾತಿಗೆ ನಕ್ಕಿರಿ ಅನ್ನುವುದೂ ಬೇಕು.

ಎಮರ್ಜೆನ್ಸಿ ಬಂದಾಗ ನಾನು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಹೊಸತು. ಟ್ರೈನು ಟೈಮಿಗೆ ಬರುತ್ತದೆ ಅಂತ ಆಫೀಸಿನಲ್ಲಿ ಹೊಗಳಿದ್ದೇ ಹೊಗಳಿದ್ದು. ನಮ್ಮ ಬೀದಿಯ ಲಾಯರು ಯಾವ ಟ್ರೈನಿನಲ್ಲೂ ಬರಲಿಲ್ಲ. ಅವರು ಜೈಲಿನಲ್ಲಿದ್ದರು.

ಈಗ ನಮ್ಮವರನ್ನು ನೋಡಿ. ಬಾಸನ್ನು ಹೆಸರು ಹಿಡಿದು ಕರೆಯುವ ದೇಶ ಬೇಕು ನಮಗೆ. ಉದ್ದನೆಯ ಬೇಸಿಗೆ ರಜೆ ಬೇಕು, ಕೆಲಸ ಹೋದರೆ ಯೂನಿಯನ್ ಬೇಕು. ಡಿಕ್ಟೇಟರ್ ಮಾತ್ರ ಊರಿಗೆ! ಅಲ್ಲೇ ಉಳಿದ ಅಕ್ಕತಂಗಿಯರಿಗೆ ನಾವು ಇಲ್ಲಿಂದ ಕಳಿಸುವ ಪಾರ್ಸೆಲ್. ನಾಚಿಕೆ ಆಗಬೇಡವೇ?

ಡೊಯ್ನಾ ಮತ್ತೆ ನಮ್ಮ ಮನೆಗೆ ಬರಲಿಲ್ಲ. ಆಮೇಲಾಮೇಲೆ ಅವಳಿಗೆ ಮರೆವು ಹೆಚ್ಚಾಯಿತು. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಅನ್ನುತ್ತಾಳೆ ಮಗಳು. ಇರಲಿಕ್ಕಿಲ್ಲ. ಕೊಮ್ಯೂನ್‌ನವರು ಅವಳನ್ನು ಹಿರಿಯರ ಆರೈಕೆ ಮನೆಗೆ ಸೇರಿಸಿದರು. ಒಳ್ಳೆಯ ಜಾಗ, ಕಿಟಕಿ ತುಂಬ ಬೆಳಕು. ಆದರೆ ಮರೆವು ತಗೊಂಡು ಹೋಗಿದ್ದು ಯಾವುದನ್ನು? ಸ್ವೀಡನ್ನಿನಲ್ಲಿ ಕಳೆದ ನಿಶ್ಚಿಂತೆಯ ವರ್ಷಗಳನ್ನು. ಬಿಟ್ಟು ಹೋಗಿದ್ದು ರೊಮೇನಿಯಾವನ್ನು.

ಅವಳನ್ನು ನಾನು ಕೊನೆಯ ಸಲ ನೋಡಿದ್ದು ಹೋದ ತಿಂಗಳು. ಹಾಸಿಗೆಯಲ್ಲಿ ಒರಗಿ ಕೂತಿದ್ದಳು. ನಾನು ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತೆ. ನೋಡಿಕೊಳ್ಳುವ ಹುಡುಗಿ, ತುಂಬ ಪ್ರೀತಿಯ ಹುಡುಗಿ, ಕಾಫಿ ಹಿಡಿದು ಒಳಗೆ ಬಂದಳು. ಬಿಳಿ ಸಮವಸ್ತ್ರ ಕಂಡದ್ದೇ ಡೊಯ್ನಾ ಬೆನ್ನು ನೆಟ್ಟಗೆ ಮಾಡಿದಳು. ಪಾಠ ಒಪ್ಪಿಸುವವರ ಹಾಗೆ, ಇನ್ನೂ ಉಳಿದಿದ್ದ, ನನಗೂ ಅರ್ಥವಾಗುವಂಥ ಸರಳ ಸ್ವೀಡಿಷ್‌ನಲ್ಲಿ ಹೇಳತೊಡಗಿದಳು:

‘ಇವಳು ನನ್ನ ಎದುರುಮನೆಯವಳು. ಒಳ್ಳೆಯವಳು. ಅಡುಗೆ ಮತ್ತು ಹವಾಮಾನ ಬಿಟ್ಟು ಬೇರೇನೂ ಮಾತಾಡುವುದಿಲ್ಲ. ಯಾರ ವಿರುದ್ಧವೂ ಇವಳು ಒಂದು ಮಾತು ಆಡಿದ್ದನ್ನು ನಾನು ಕೇಳಿಲ್ಲ.’

‘ಹೌದಾ, ಎಷ್ಟು ಚೆನ್ನಾಗಿದೆ!’ ಅಂತ ಹುಡುಗಿ ನಕ್ಕು ಕಾಫಿ ಇಟ್ಟು ಹೋದಳು.

ಬಾಗಿಲು ಮುಚ್ಚಿತು. ಹೊದಿಕೆಯ ಕೆಳಗೆ ಡೊಯ್ನಾ ನನ್ನ ಕೈಯನ್ನು ಗಟ್ಟಿಯಾಗಿ ಒತ್ತಿದಳು. ನನ್ನ ಹೆಸರು ಅವಳಿಗೆ ಮರೆತುಹೋಗಿತ್ತು. ನನ್ನನ್ನು ಉಳಿಸಬೇಕು ಅನ್ನುವುದು ನೆನಪಿತ್ತು.