ಪಕ್ಕದ ಮಂಚದವರು ಹೇಳಿದ ತಮ್ಮನ ಕಥೆ

ಅವರ ಎಡಗೈಯಲ್ಲಿ ಮೊಣಕೈಯಿಂದ ಮೇಲಕ್ಕೆ ಒಂದು ರಕ್ತನಾಳ ಹೆಬ್ಬೆರಳಿನಷ್ಟು ದಪ್ಪಗೆ, ಗಂಟುಗಂಟಾಗಿ ಉಬ್ಬಿತ್ತು. ಅದರ ಉದ್ದಕ್ಕೂ ಸೂಜಿ ಚುಚ್ಚಿದ ಕಪ್ಪು ಕಲೆಗಳು. ವರ್ಷಗಟ್ಟಲೆ ಡಯಾಲಿಸಿಸ್ ಮಾಡಿಸಿಕೊಂಡವರ ಕೈ ಇರುವುದೇ ಹಾಗೆ. ಅವರು ಮಾತ್ರ ಹೊಸಬರಿಗೆ ಅದು ಬನ್ನೇರುಘಟ್ಟದ ಕಾಡಿನಲ್ಲಿ ಚಿರತೆ ಪರಚಿದ ಗುರುತು ಎನ್ನುತ್ತಿದ್ದರು. ಮೊದಲ ದಿನ ಹೆದರಿ ಅಳುತ್ತಿದ್ದ ನನಗೂ ಹೇಳಿದರು. ಚಿರತೆ ಓಡಿಹೋಗುವಷ್ಟರಲ್ಲಿ ನನ್ನ ರಕ್ತ ಮಷೀನಿನೊಳಗೆ ಹರಿಯತೊಡಗಿತ್ತು.

ಜಯನಗರದ ಆ ಸೆಂಟರಿನಲ್ಲಿ ವಾರಕ್ಕೆ ಮೂರು ದಿನ, ನಾಲ್ಕು ಗಂಟೆಯಂತೆ, ಎರಡು ವರ್ಷ ಅವರ ಪಕ್ಕದ ಮಂಚದಲ್ಲಿ ಮಲಗಿದೆ. ಅವರು ಸಾರಕ್ಕಿಯ ಹಳಬರು, ಒಂದು ಕಾಲಕ್ಕೆ ಸೊಪ್ಪು ಬೆಳೆಯುತ್ತಿದ್ದವರು. ಸಕ್ಕರೆ ಕಾಯಿಲೆಯ ಹೆಂಡತಿ ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದರು. ಹೆಗಲ ಮೇಲೆ ಕರು ಹೊತ್ತು ಸಾರಕ್ಕಿ ಕೆರೆಯನ್ನು ಈಜಿ ದಾಟಿದ ಕಥೆಯನ್ನು ಎಷ್ಟು ಸಲ ಕೇಳಿದೆನೋ. ಕರು ಒಮ್ಮೊಮ್ಮೆ ಎರಡಾಗುತ್ತಿತ್ತು. ಕೇಳಿದರೆ, "ಅದು ಬೇರೆ ಸಲ ಕಣಮ್ಮ" ಅನ್ನುತ್ತಿದ್ದರು. ಸೆಂಟರಿನಲ್ಲಿ ಆಗಾಗ ಯಾವುದೋ ಮಂಚ ಖಾಲಿಯಾಗುತ್ತಿತ್ತು, ಏಕೆಂದು ಯಾರೂ ಕೇಳುತ್ತಿರಲಿಲ್ಲ. ಅಂಥ ದಿನ ಅವರು ಇನ್ನಷ್ಟು ಗಟ್ಟಿಯಾಗಿ ಕಥೆ ಹೇಳುತ್ತಿದ್ದರು.

ಮನೆಯವರಲ್ಲಿ ಯಾರಾದರೂ ಕಿಡ್ನಿ ಕೊಟ್ಟರೆ ಒಳ್ಳೆಯದೆಂದು ಡಾಕ್ಟರು ನನಗೆ ಹೇಳಿ ವರ್ಷವಾಗಿತ್ತು. ಇದ್ದವಳು ಕುಮಾರಸ್ವಾಮಿ ಲೇಔಟಿನ ಅಕ್ಕ ಒಬ್ಬಳೇ. ಎರಡು ಮಕ್ಕಳ ತಾಯಿ. ಅವಳ ದೇಹದ ಒಂದು ಭಾಗವನ್ನು ಯಾವ ಬಾಯಲ್ಲಿ ಕೇಳುವುದು? ಇದನ್ನು ಅವರಿಗೆ ಹೇಳಿದ ದಿನ ಅವರು ದನಿ ತಗ್ಗಿಸಿ ತಮ್ಮನ ಕಥೆ ಹೇಳಿದರು. ತಮ್ಮನ ಮನೆಗೆ ಹೋಗಿ, ಬಾಯಿ ಬಾರದೆ ಎರಡು ಲೋಟ ಕಾಫಿ ಕುಡಿದು, ಕೊನೆಗೂ ಕೇಳಿದರಂತೆ. ತಮ್ಮ ಎದ್ದು ಒಳಗೆ ಹೋಗಿ ಅಂಗಿ ಹಾಕಿಕೊಂಡು ಬಂದು, "ನಡಿ ಅಣ್ಣ, ಯಾವ ಆಸ್ಪತ್ರೆ?" ಎಂದನಂತೆ. ಮುಂದಿನ ತಿಂಗಳೇ ಆಪರೇಷನ್ ಇದೆಯಂತೆ.

"ನಾಚ್ಕೊಂಡು ಸತ್ತೋರನ್ನ ಇಲ್ಲೇ ನೋಡಿದೀನಿ," ಎಂದರು. "ನೀನು ಕೇಳು. ಇಲ್ಲ ಅಂದ್ರೆ ಇಲ್ಲ, ಅಷ್ಟೇ ತಾನೆ?"

ಆ ಭಾನುವಾರ ಅಕ್ಕನ ಅಡುಗೆಮನೆಯಲ್ಲಿ ನಿಂತು ನಾನು ಆ ತಮ್ಮನ ಕಥೆಯನ್ನಷ್ಟೇ ಹೇಳಿದೆ. ನನ್ನ ಮಾತು ಎತ್ತಲು ಆಗಲಿಲ್ಲ. ಅಕ್ಕ ಒಲೆ ಆರಿಸಿ ನನ್ನತ್ತ ತಿರುಗಿ, "ಇಷ್ಟು ದಿನ ಯಾಕೆ ಕೇಳ್ಲಿಲ್ಲ ನೀನು?" ಎಂದಳು.

ನಮ್ಮ ಪರೀಕ್ಷೆಗಳೆಲ್ಲ ಮುಗಿಯುತ್ತ ಬಂದರೂ ಅವರ ಮುಂದಿನ ತಿಂಗಳು ಬರಲೇ ಇಲ್ಲ. ಒಮ್ಮೆ ತಮ್ಮನಿಗೆ ಜ್ವರ, ಒಮ್ಮೆ ಕಾಗದಪತ್ರ ಆಗಿಲ್ಲ ಎನ್ನುತ್ತಿದ್ದರು. ಅವರಿಗೆ ಉಬ್ಬಸ ಹೆಚ್ಚಿ, ಕಥೆಗಳು ಅರ್ಧಕ್ಕೇ ನಿಲ್ಲತೊಡಗಿದವು. ನನ್ನ ಸಂತೋಷದ ಗಡಿಬಿಡಿಯಲ್ಲಿ ನಾನು ಅದನ್ನು ಸರಿಯಾಗಿ ಗಮನಿಸಲಿಲ್ಲ.

ನನ್ನ ಆಪರೇಷನ್ ಆಗಿ ಮೂರು ತಿಂಗಳ ಮೇಲೆ ಅವರನ್ನು ನೋಡಲು ಸೆಂಟರಿಗೆ ಹೋದೆ. ಅವರ ಮಂಚದಲ್ಲಿ ಬೇರೆ ಯಾರೋ ಮಲಗಿದ್ದರು. ಸಾರಕ್ಕಿಯ ಮನೆ ಹುಡುಕಿಕೊಂಡು ಹೋದೆ. ಅವರು ತೀರಿಕೊಂಡು ಒಂದೂವರೆ ತಿಂಗಳಾಗಿತ್ತು. ಅವರ ತಮ್ಮ ಹೇಗಿದ್ದಾರೆ ಎಂದು ಕೇಳಿಬಿಟ್ಟೆ.

ಅವರ ಹೆಂಡತಿ ಚಾಪೆ ಹಾಸಿ ನನ್ನನ್ನು ಕೂರಿಸಿದರು. "ಇವರು ಹೋಗಿ ಕೇಳಿದ್ದು ನಿಜ ಕಣಮ್ಮ. ಆಗಲ್ಲ ಅಣ್ಣ ಅಂದ. ಅವತ್ತಿಂದ ಈ ಕಡೆ ಬಂದಿಲ್ಲ. ಮಣ್ಣಿಗೂ ಬರ್ಲಿಲ್ಲ."

ಅವರು ನನಗೆ ಹೇಳಿದ್ದೇನೆಂದು ಆಕೆ ಕೇಳಿದರು. ಕಾಫಿಯಿಂದ ಹಿಡಿದು ಅಂಗಿಯವರೆಗೆ ಎಲ್ಲವನ್ನೂ ಹೇಳಿದೆ. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೇಳಿಸಿಕೊಂಡರು. ಮುಗಿದ ಮೇಲೂ ಸೆರಗು ತೆಗೆಯಲಿಲ್ಲ.

ಅಕ್ಕನಿಗೆ ಇದನ್ನು ನಾನು ಇವತ್ತಿಗೂ ಹೇಳಿಲ್ಲ. ಅವಳು ಆಗಾಗ ಆ ಅಣ್ಣ ತಮ್ಮಂದಿರನ್ನು ವಿಚಾರಿಸುತ್ತಾಳೆ. ಇಬ್ಬರೂ ಚೆನ್ನಾಗಿದ್ದಾರೆ ಎನ್ನುತ್ತೇನೆ.