ನಾಲ್ಕು ಹೊಲಕ್ಕೆ ಒಂದೇ ಬೇಲಿ

ಪುಟ್ಟಮಾದಮ್ಮ ಏಳನೇ ತರಗತಿಯವರೆಗೆ ಓದಿದ್ದು ತವರೂರು ಮಿರ್ಲೆಯಲ್ಲಿ. ಲೆಕ್ಕದ ಮೇಷ್ಟ್ರು ಮಕ್ಕಳನ್ನು ಆಟದ ಬಯಲಿನ ಅಂಚಿನಲ್ಲಿ ನಡೆಸಿ, ನಾಲ್ಕು ಬದಿಯನ್ನೂ ಕೂಡಿಸಿದರೆ ಸುತ್ತಳತೆ ಸಿಕ್ಕಿತು ಎಂದು ಕಲಿಸಿದ್ದರು. ಮದುವೆಯಾಗಿ ರಾವಂದೂರಿನ ಪಕ್ಕದ ಹಳ್ಳಿಗೆ ಬಂದರೂ ಅವಳು ಅದನ್ನು ಮರೆಯಲಿಲ್ಲ.

೧೯೯೭ರಲ್ಲಿ ಕಾಡುಹಂದಿಗಳು ಊರಾಚೆಯ ಜೋಳವನ್ನೆಲ್ಲ ನೆಲಸಮ ಮಾಡಿದವು. ಅಲ್ಲಿ ನಾಲ್ಕು ಹೊಲಗಳು ಎರಡರ ಹಿಂದೆ ಎರಡರಂತೆ ಒತ್ತಿಕೊಂಡಿದ್ದವು: ಅವಳ ಗಂಡ ಚೆಲುವಯ್ಯನದು, ಶಿವಣ್ಣನದು, ಲಿಂಗರಾಜುವಿನದು, ಸಣ್ಣಬೀರಯ್ಯನದು. ಒಂದೊಂದೂ ಇನ್ನೂರು ಅಡಿ ಚೌಕ. ಮುಳ್ಳುತಂತಿ ಹಾಕಿಸಲು ಎಲ್ಲರೂ ಹೊರಟರು, ಅವರವರ ಹೊಲಕ್ಕೆ ಅವರವರು.

ಬುತ್ತಿ ತಂದಿದ್ದ ಪುಟ್ಟಮಾದಮ್ಮ ಗಂಡಸರ ಮಾತು ಕೇಳಿಸಿಕೊಂಡು ಅಲ್ಲೇ ಕೂತಳು. ಬೇರೆಬೇರೆಯಾಗಿ ಸುತ್ತಿದರೆ ಹೊಲಕ್ಕೆ ಎಂಟುನೂರು ಅಡಿ, ಒಟ್ಟು ಮೂರು ಸಾವಿರದ ಇನ್ನೂರು. ನಾಲ್ಕನ್ನೂ ಸೇರಿಸಿದರೆ ಬದಿಗೆ ನಾನೂರರಂತೆ ಸಾವಿರದ ಆರುನೂರು, ಅರ್ಧಕ್ಕರ್ಧ ಉಳಿತಾಯ ಎಂದಳು. ಸಣ್ಣಬೀರಯ್ಯ ಅಂದು ಬಂದಿರಲಿಲ್ಲ. ಶಿವಣ್ಣ ತಕ್ಷಣ ಒಪ್ಪಿದ. ಲಿಂಗರಾಜು ಮಾತ್ರ, ತನ್ನ ಬದು ಒತ್ತಿ ಉತ್ತ ಸಣ್ಣಬೀರಯ್ಯನ ಜೊತೆ ತನಗೆ ಮಾತೇ ಇಲ್ಲ, ಅವನನ್ನು ಬಿಟ್ಟು ಮೂವರೇ ಹಾಕೋಣ ಎಂದು ಹಟ ಹಿಡಿದ.

ಅವಳು ಜೋಳದ ಕಡ್ಡಿಯನ್ನು ಸಮನಾಗಿ ಮುರಿದು, ಕಡ್ಡಿಗೆ ಇನ್ನೂರು ಅಡಿಯೆಂದು ಎಂಟು ಕಡ್ಡಿಯಲ್ಲಿ ದೊಡ್ಡ ಚೌಕ ಜೋಡಿಸಿದಳು. ಸಣ್ಣಬೀರಯ್ಯನ ಮೂಲೆಯ ಎರಡು ಕಡ್ಡಿ ಎತ್ತಿದಳು. ಆ ಬಾಯಿ ಮುಚ್ಚಲು ಅವೆರಡನ್ನೇ ಒಳಗೆ ಇಡಬೇಕಾಯಿತು.

“ಎಣಿಸ್ಕೊಳ್ಳಿ ಲಿಂಗ್ರಾಜಣ್ಣ. ಅವ್ರನ್ನ ಬುಟ್ರೂ ಎಂಟು, ಸೇರಿಸ್ಕಂಡ್ರೂ ಎಂಟು. ಖರ್ಚ್ನ ಮೂರ್ ಜನ ಹೊರೋದೋ ನಾಕ್ ಜನ ಹೊರೋದೋ, ನೀವೇ ಹೇಳಿ.”

ಲಿಂಗರಾಜು ತಾನೇ ಕಡ್ಡಿಗಳನ್ನು ಸರಿಸಿ ಎರಡು ಸಲ ನೋಡಿದ. ಕೊನೆಗೆ, “ಆಯ್ತು ಬುಡವ್ವ, ಅವ್ನೂ ಇರ್ಲಿ,” ಎಂದ.

ಸಣ್ಣಬೀರಯ್ಯನ ಮನೆಗೆ ಪುಟ್ಟಮಾದಮ್ಮನೇ ಹೋಗಿ ಕೇಳಿದಳು. ಅವನು ಒಪ್ಪಿದ್ದಷ್ಟೇ ಅಲ್ಲ, ಕಲ್ಲುಕಂಬ ತರಲು ತನ್ನ ಗಾಡಿಯನ್ನೂ ಕಟ್ಟಿದ. ಹತ್ತು ಅಡಿಗೊಂದರಂತೆ ನೂರ ಅರವತ್ತು ಸಾಕೆಂದು ಅವಳು ಹೇಳಿದಾಗ, ಹತ್ತು ಹೆಚ್ಚಿಗಿರಲಿ ಎಂದು ಶಿವಣ್ಣ ಅನುಮಾನಪಟ್ಟ. ಬೇಡ ಎಂದಳು. ಕೊನೆಯ ಕಂಬ ನೆಟ್ಟಾಗ ಗಾಡಿ ಖಾಲಿಯಾಗಿತ್ತು. ಆ ವರ್ಷ ನಾಲ್ಕು ಮನೆಗೂ ಜೋಳ ಬಂತು. ಲಿಂಗರಾಜುವೂ ಸಣ್ಣಬೀರಯ್ಯನೂ ಬೇಲಿ ಬಿಗಿಸುವ ದಿನಗಳಲ್ಲಿ ಒಂದೆರಡು ಮಾತಾಡತೊಡಗಿದರು. ಅದಕ್ಕಿಂತ ಹೆಚ್ಚೇನೂ ಬೆಳೆಯಲಿಲ್ಲ.

ಆಮೇಲೆ ಅಳತೆಯೆಂದರೆ ಊರಿನವರು ಅವಳನ್ನೇ ಕರೆಯುತ್ತಿದ್ದರು. ೨೦೦೩ರಲ್ಲಿ ಪಕ್ಕದೂರಿನ ದುಂಡುಬಾವಿಗೆ ಕಲ್ಲಿನ ಅಂಚು ಕಟ್ಟಲು ಬಂದ ಗಾರೆಯವನು, ಎಷ್ಟು ಕಲ್ಲು ಬೇಕೆಂದು ಕೇಳಿದ. ಅವಳು ಹಗ್ಗವನ್ನು ಬಾವಿಯ ನಡುವೆ ಅಡ್ಡಲಾಗಿ ಹಿಡಿಸಿದಳು, ಹದಿನಾಲ್ಕು ಅಡಿ ಬಂತು. ದುಂಡಗಿರುವುದಕ್ಕೆ ಬದಿಯಿಲ್ಲ, ಅಡ್ಡಳತೆಯನ್ನು ಇಪ್ಪತ್ತೆರಡರಿಂದ ಗುಣಿಸಿ ಏಳರಿಂದ ಭಾಗಿಸಬೇಕು ಎಂದು ವಿವರಿಸಿದಳು.

“ನಲವತ್ನಾಕು ಅಡಿ. ಎರಡಡಿ ಕಲ್ಲು ಇಪ್ಪತ್ತೆರಡು ತರ್ಸಿ.”

ಇಪ್ಪತ್ತೆರಡನೆಯದನ್ನು ಗಾರೆಯವನು ಉಳಿದಿದ್ದ ಎರಡಡಿ ಸಂದಿನೊಳಗೆ ಸುತ್ತಿಗೆಯ ಹಿಡಿಯಿಂದ ಮೆಲ್ಲಗೆ ತಟ್ಟಿ ಕೂರಿಸಿದ.